ವಾರಸುದಾರರಿಗೂ ವಾರಂಟಿ

ಗಂಡ ಗೋಪಿನಾಥ ಬದುಕಿದ್ದಷ್ಟು ದಿನ ಸಾವಿತ್ರಿ ಮನೆಯಡಿಯ ಕೆಲ್ಲರಿನ ಆ ಕೋಣೆಯ ಹೊಸ್ತಿಲು ದಾಟಿದವಳಲ್ಲ. ಬಾಗಿಲ ಬಳಿ ನಿಂತು "ಊಟಕ್ಕ ಬರ್ರಿ" ಅಂತ ಕೂಗಿ, ಉಸಿರು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದುಬಿಡುತ್ತಿದ್ದಳು. ಸುಟ್ಟ ಸಿಡಿಮದ್ದು, ಎಣ್ಣೆ, ಸೀಸ, ಹಿತ್ತಾಳೆ ಉಜ್ಜುವ ಪುಡಿ ಎಲ್ಲ ಕಲೆತು ಅಲ್ಲೊಂದು ವಾಸನೆ ನೆಲೆಸಿತ್ತು. ಬಾಯಲ್ಲಿ ಹಳೇ ನಾಣ್ಯ ಇಟ್ಟುಕೊಂಡ ಹಾಗೆ ಅನ್ನಿಸುತ್ತಿತ್ತು ಅವಳಿಗೆ. ಅವರು ಮೇಲೆ ಬಂದಾಗ ಬೆರಳ ತುದಿಗಳು ಕರ್ರಗಿರುತ್ತಿದ್ದವು. ಸಾಬೂನು ಹಚ್ಚಿ ತೊಳೆದರೂ ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿದೇ ಉಳಿಯುತ್ತಿತ್ತು, ಆ ಕೈಯಲ್ಲೇ ಅನ್ನ ಕಲಸುತ್ತಿದ್ದರು. ಅವಳು ಬೇರೆ ಕಡೆ ನೋಡುತ್ತ ಊಟ ಮುಗಿಸುತ್ತಿದ್ದಳು.

ಜರ್ಮನಿಯ ಎರ್ಲಾಂಗೆನ್ನಿನ ಯೂನಿವರ್ಸಿಟಿಯಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಕಲಿಸಿದ ಮನುಷ್ಯ, ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದವರು, ಐವತ್ತರ ಮೇಲೆ ಈ ಹುಚ್ಚು ಹತ್ತಿಸಿಕೊಂಡಿದ್ದರು. ಸಹೋದ್ಯೋಗಿಯೊಬ್ಬ ಗುರಿ ಹೊಡೆಯುವವರ ಫೆರೈನಿಗೆ ಕರೆದುಕೊಂಡು ಹೋಗಿದ್ದ. ಸಂಘಕ್ಕೆ ಹೋಗಿ ಬರಲಿ, ಒಂದಿಷ್ಟು ದಿನದಲ್ಲಿ ಸಾಕಾಗುತ್ತದೆ ಅಂತ ಸಾವಿತ್ರಿ ಸುಮ್ಮನಿದ್ದಳು. ಸಾಕಾಗಲಿಲ್ಲ. ಗುರಿ ಹೊಡೆಯುವುದರಿಂದ ಶುರುವಾದದ್ದು ಕಾಡತೂಸು ತಾವೇ ತಯಾರಿಸುವುದಕ್ಕೆ ಹೋಗಿ ನಿಂತಿತು. ಹಾರಿಸಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆಯನ್ನು ಎಸೆಯದೆ ಮನೆಗೆ ತರುವುದು, ಉಜ್ಜಿ ತೊಳೆಯುವುದು, ಪ್ರೆಸ್ಸಿನಲ್ಲಿ ಒತ್ತಿ ಆಕಾರ ಸರಿಮಾಡುವುದು, ತೂಕ ಹಾಕಿ ಮದ್ದು ತುಂಬಿ ಮೇಲೊಂದು ಗುಂಡು ಕೂರಿಸುವುದು. ಅದಕ್ಕೆ ಸರಕಾರದ ಪರವಾನಗಿ ಬೇಕು, ಪರೀಕ್ಷೆ ಬರೆಯಬೇಕು. ಅವರು ಬರೆದು ಪಾಸಾಗಿದ್ದರು. ಮಂದಿ ವರ್ಷದ ಉಪ್ಪಿನಕಾಯಿ ಹಾಕಿಡುವಷ್ಟು ಶ್ರದ್ಧೆಯಿಂದ ಅವರು ಕೆಳಗೆ ಕೂತು ಕಾಡತೂಸು ಮಾಡಿಡುತ್ತಿದ್ದರು.

ಆ ಪ್ರೆಸ್ಸಿನ ಬಗ್ಗೆ ಅವರಿಗೆ ವಿಪರೀತ ಅಭಿಮಾನ. ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಹಸಿರು ಬಣ್ಣದ ಎರಕದ ಕಬ್ಬಿಣ, ಪಕ್ಕಕ್ಕೊಂದು ಉದ್ದನೆಯ ಹಿಡಿಕೆ. ಥುರಿಂಗಿಯಾದ ಒಂದು ಸಣ್ಣ ಊರಿನ ಸಣ್ಣ ಕಂಪನಿ ಮಾಡಿದ್ದು. ಕೊಂಡವನು ಬದುಕಿರುವವರೆಗೂ, ಅವನ ನಂತರ ಅವನ ವಾರಸುದಾರರಿಗೂ ವಾರಂಟಿ ಅಂತ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದರು. ಒಮ್ಮೆ ಒಂದು ಸ್ಪ್ರಿಂಗ್ ಸಡಿಲಾಯಿತು ಅಂತ ಗೋಪಿನಾಥ ಫೋನ್ ಮಾಡಿದರೆ ಮೂರನೇ ದಿನಕ್ಕೆ ಟಪಾಲಿನಲ್ಲಿ ಎರಡು ಸ್ಪ್ರಿಂಗ್ ಬಂದಿದ್ದವು, ಒಂದು ಹಾಕಿಕೊಳ್ಳಲಿಕ್ಕೆ, ಒಂದು ಇಟ್ಟುಕೊಳ್ಳಲಿಕ್ಕೆ. "ಏನೂ ಕೇಳಲಿಲ್ಲ ನೋಡು ಅವರು. ನಾ ಹೇಳಿದ್ದನ್ನ ನಂಬಿದ್ರು," ಅಂತ ಊಟದ ಹೊತ್ತಿನಲ್ಲಿ ಎರಡು ದಿನ ಅದನ್ನೇ ಹೇಳಿದ್ದರು. ಸಾವಿತ್ರಿ ಹ್ಞೂಂ ಅಂದಿದ್ದಳು.

ಫೆಬ್ರವರಿ ಒಂಬತ್ತಕ್ಕೆ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮೂರು ವಾರ ಮಲಗಿದ್ದರು ಅಷ್ಟೇ.

ಆ ದಿನಗಳಲ್ಲಿ ಸಿದ್ದಲಿಂಗೇಶ ಇಲ್ಲದಿದ್ದರೆ ಏನಾಗುತ್ತಿತ್ತೋ ಅಂತ ಊರಿನ ಕನ್ನಡದವರೆಲ್ಲ ಅಂದರು. ಸಾವಿತ್ರಿಯೂ ಅಂದಳು. ಗದಗಿನ ಕಡೆಯ ಹುಡುಗ, ಈಗ ನಲವತ್ತರ ಹತ್ತಿರ. ಇಲ್ಲಿಯ ದೊಡ್ಡ ಇಂಜಿನಿಯರಿಂಗ್ ಕಂಪನಿಯಲ್ಲಿ ಕೆಲಸ. ಫೆರೈನಿಗೆ ಅವನನ್ನು ಸೇರಿಸಿದವರು ಗೋಪಿನಾಥರೇ, ಪರವಾನಗಿ ಪರೀಕ್ಷೆಗೆ ಓದಿಸಿದವರೂ ಅವರೇ. ಬಂದೂಕುಗಳ ವಿಷಯ ಪರವಾನಗಿ ಕೊಡುವ ಸರಕಾರಿ ಕಚೇರಿಗೆ, ಆಮ್ಟಿಗೆ, ತಿಳಿಸುವ ಕಾಗದ ತುಂಬಿದವನು ಅವನು. ಮನೆಯಲ್ಲಿದ್ದ ಮದ್ದನ್ನು ಕಾನೂನು ಪ್ರಕಾರ ತನ್ನ ಹೆಸರಿಗೆ ಬರೆಸಿಕೊಂಡು ಸಾಗಿಸಿದವನು ಅವನು. ಹದಿಮೂರನೇ ದಿನದ ಊಟಕ್ಕೆ ನೆರೆಮನೆಯಿಂದ ಕುರ್ಚಿ ಹೊತ್ತು ತಂದು, ಎಲ್ಲರಿಗೂ ಬಡಿಸಿ, ಕಡೆಗೆ ತಾನು ಉಂಡು, ಕುರ್ಚಿಗಳನ್ನು ಸದ್ಯಕ್ಕೆ ಕೆಲ್ಲರಿನಲ್ಲಿ ಇಟ್ಟು ಬಂದವನೂ ಅವನೇ. ಸಾವಿತ್ರಿಯ ಮಗ ಮಾಧವ್ ವೋಲ್ಫ್ಸ್‌ಬುರ್ಗಿನಲ್ಲಿ ಕಾರು ಕಂಪನಿಯ ಕೆಲಸದಲ್ಲಿದ್ದ. ರಜೆ ಮುಗಿಸಿ ಹೊರಡುವಾಗ ಸಿದ್ದಲಿಂಗೇಶನ ಕೈ ಹಿಡಿದು ಥ್ಯಾಂಕ್ಸ್ ಹೇಳಿದ್ದ.

ಮಾರ್ಚಿನಲ್ಲಿ ಒಂದು ದಿನ ಸಿದ್ದಲಿಂಗೇಶ ಬಂದು, "ಅಕ್ಕಾರ, ಕೆಳಗಿನ ಪ್ರೆಸ್ ಕೆಟ್ಟೈತ್ರಿ. ಬಿರುಕು ಬಿಟ್ಟೈತಿ. ಗುಜರಿಗೆ ಹಾಕೂದ ಅದು. ನಾ ಒಯ್ದು ವೆರ್ಟ್‌ಸ್ಟೋಫ್‌ಹೋಫಿನ್ಯಾಗ ಹಾಕಿ ಬರ್ತೀನಿ, ನಿಮಗ ಅಷ್ಟ ಜಾಗ ಖಾಲಿ ಆಗ್ತದ," ಅಂದ.

"ಇರ್ಲಿ ಬಿಡೋ, ಈಸ್ಟರಿಗೆ ಮಾಧವ ಬರ್ತಾನ. ಅವನು ನೋಡ್ಲಿ," ಅಂದಳು ಸಾವಿತ್ರಿ.

"ಹೊರಲಾರದಷ್ಟು ಭಾರ ಐತ್ರಿ ಅದು. ಅವ್ರಿಗ್ಯಾಕ ತ್ರಾಸ."

"ಇರ್ಲಿ ಅಂದೆ ಅಲ್ಲ."

ಅವನು ಮತ್ತೆರಡು ಸಲ ಅದೇ ಮಾತು ತೆಗೆದ. ಎಷ್ಟು ಕಾಳಜಿ ಈ ಹುಡುಗನಿಗೆ ಅಂದುಕೊಂಡಳು ಅವಳು.

ಈಸ್ಟರಿಗೆ ಬಂದ ಮಾಧವ್ ಕೆಳಗಿಳಿದು ಐದು ನಿಮಿಷ ನಿಂತು, "ಮಮ್ಮಿ, ಇದೆಲ್ಲ ನನಗೆ ಗೊತ್ತಾಗಲ್ಲ. Frag jemanden vom Verein," ಅಂದ. ಫೆರೈನಿನವರನ್ನು ಯಾರನ್ನಾದರೂ ಕೇಳು ಅಂತ. ಹಾಗಾಗಿ ಸಾವಿತ್ರಿ ಹೆರ್ ಡೀಟ್ಸ್ ಅವರಿಗೆ ಫೋನ್ ಮಾಡಿದಳು. ಎಪ್ಪತ್ತೇಳು ವರ್ಷದ ಮುದುಕ, ಗೋಪಿನಾಥರ ಜೊತೆ ಪ್ರತಿ ಶನಿವಾರ ಗುರಿ ಹೊಡೆಯುತ್ತಿದ್ದವರು. ಯಾರಿಗಾದರೂ ಉಪಯೋಗವಾಗುವುದಾದರೆ ಎಲ್ಲ ಒಯ್ಯಿರಿ, ನನಗೆ ಆ ಕೋಣೆ ಖಾಲಿ ಆದರೆ ಸಾಕು ಅಂದಳು.

ಡೀಟ್ಸ್ ಬಂದ ದಿನ ಅವಳು ಮೊದಲ ಸಲ ಒಳಗೆ ಕಾಲಿಟ್ಟಳು. ಹಿತ್ತಾಳೆ ಉಜ್ಜುವ ಯಂತ್ರದ ಬಟ್ಟಲಿನಲ್ಲಿ ವಾಲ್‌ನಟ್ ಸಿಪ್ಪೆಯ ಪುಡಿ ಇಲಿ ಹಿಕ್ಕೆಯ ಹಾಗೆ ಕಪ್ಪಗೆ ಗಂಟುಕಟ್ಟಿತ್ತು. ಮೇಜಿನ ಮೇಲೆ ಅರ್ಧ ಕುಡಿದ ಚಹಾದ ಕಪ್ಪು ಹಾಗೇ ಇತ್ತು, ಮೂರು ತಿಂಗಳ ಬೂಷ್ಟು ಅದರೊಳಗೆ ಹಸಿರಾಗಿ ಉಬ್ಬಿತ್ತು. ಅವಳು ಮೂಗು ಮುಚ್ಚಿಕೊಂಡು ಮುಖ ತಿರುಗಿಸಿದಳು. ಅವರದೇ ಕಪ್ಪು ಅದು ಅನ್ನುವುದು ಆಮೇಲೆ ಹೊಳೆಯಿತು. ಆ ಕ್ರಮದಲ್ಲಿ ಹೊಳೆಯಿತಲ್ಲ ಅಂತ ಬೇಜಾರಾಯಿತು.

ಡೀಟ್ಸ್ ಪ್ರೆಸ್ಸಿನ ಹಿಡಿಕೆ ಎಳೆದು ನೋಡಿದರು, ಕನ್ನಡಕ ಏರಿಸಿ ಬಗ್ಗಿದರು. "ಇಲ್ಲಿ ಬಿರುಕಿದೆ. ಜನವರಿಯಲ್ಲೇ ಗೋಪಿ ನನಗೆ ಹೇಳಿದ್ದ, ಕಂಪನಿಗೆ ಬರೆಯಬೇಕು ಅಂತಿದ್ದ. ಬರೆದನೋ ಇಲ್ಲವೋ."

"ಗುಜರಿಗೆ ಹಾಕುವುದಂತೆ."

"ಯಾರು ಹೇಳಿದ್ದು? ಈ ಕಂಪನಿಯವರು ಹೊಸದನ್ನೇ ಕಳಿಸುತ್ತಾರೆ. ನಿಮ್ಮ ಹೆಸರಿಗೂ ವಾರಂಟಿ ಇದೆ." ಗೋಡೆಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಚೀಲದಿಂದ ಕಾರ್ಡು ತೆಗೆದು ಕೊಟ್ಟರು. "ಫ್ರಾವ್ ಲಿಂಡ್ನರ್ ಅಂತ ಇದ್ದಾರೆ, ಅವರನ್ನು ಕೇಳಿ. ಹೊಸದು ಬರಲಿ, ಆಮೇಲೆ ನಾನು ಒಯ್ಯುತ್ತೇನೆ. ನಮ್ಮ ಹೊಸ ಸದಸ್ಯರು ಕಲಿಯುವುದಕ್ಕೆ ಫೆರೈನಿನಲ್ಲಿ ಇಡೋಣ, ಗೋಪಿಯ ಹೆಸರು ಹಾಕಿ."

ಮರುದಿನ ಬೆಳಗ್ಗೆ ಸಾವಿತ್ರಿ ಫೋನ್ ಮಾಡಿದಳು. ಎರಡನೇ ರಿಂಗಿಗೇ ಎತ್ತಿಕೊಂಡರು. ಯಂತ್ರದ ದನಿಯಲ್ಲ, ಒಂದನ್ನು ಒತ್ತಿ ಎರಡನ್ನು ಒತ್ತಿ ಅನ್ನುವುದಿಲ್ಲ, ಫ್ರಾವ್ ಲಿಂಡ್ನರೇ. ಸಾವಿತ್ರಿ ಪ್ರೆಸ್ಸಿನ ನಂಬರು ಓದಿ ಹೇಳಿ, ತನ್ನ ಹೆಸರು ಹೇಳಿದಳು. ಆ ಕಡೆಯ ದನಿ ಒಮ್ಮೆಲೇ ಹಿಗ್ಗಿತು.

"ಓ, ನೀವು ಪ್ರೊಫೆಸರ್ ಅವರ ಹೆಂಡತಿಯೇ? ಹೇಗಿದ್ದಾರೆ ಈಗ? ನಾವು ಕಳಿಸಿದ ಕಾರ್ಡು ತಲುಪಿತೇ? ನಮ್ಮ ಅಮ್ಮ ಒಣಗಿಸಿದ ಲಿಂಡನ್ ಹೂವಿನ ಚಹಾ ಕೂಡ ಇಟ್ಟಿದ್ದೆ. ಆಸ್ಪತ್ರೆಯ ಚಹಾ ಯಾರಿಗೂ ಸೇರುವುದಿಲ್ಲ ನೋಡಿ."

ಸಾವಿತ್ರಿಗೆ ಏನೂ ಅರ್ಥವಾಗಲಿಲ್ಲ. ತನ್ನ ಜರ್ಮನ್ನೇ ತಪ್ಪಾಯಿತೇನೋ ಅಂದುಕೊಂಡಳು. "ನನ್ನ ಗಂಡ ತೀರಿಕೊಂಡಿದ್ದಾರೆ," ಅಂದಳು ನಿಧಾನವಾಗಿ. "ಫೆಬ್ರವರಿ ಒಂಬತ್ತಕ್ಕೆ."

ಆ ಕಡೆ ಕಾಗದ ತಿರುವುವ ಸಪ್ಪಳ.

"ಕ್ಷಮಿಸಿ. ನನ್ನ ಸಂತಾಪ. ಆದರೆ... ಅವರ ಪತ್ರ ನನ್ನ ಮುಂದೆಯೇ ಇದೆ. ಫೆಬ್ರವರಿ ಇಪ್ಪತ್ತೊಂದರ ತಾರೀಖು. ಮಾರ್ಚ್ ಮೊದಲ ವಾರದಲ್ಲಿ ನಾವು ಹೊಸ ಪ್ರೆಸ್ ಕಳಿಸಿ ಆಗಿದೆ."

"ಎಲ್ಲಿಗೆ?"

ಫ್ರಾವ್ ಲಿಂಡ್ನರ್ ಓದಿ ಹೇಳಿದ ವಿಳಾಸ ಸಾವಿತ್ರಿಗೆ ಬರೆದುಕೊಳ್ಳಬೇಕಾಗಿಯೇ ಇರಲಿಲ್ಲ. ಪ್ರತಿ ದೀಪಾವಳಿಗೆ ಆ ಮನೆಗೆ ಚಕ್ಕುಲಿ ಡಬ್ಬಿ ಕೊಟ್ಟು ಬರುತ್ತಿದ್ದಳು.

"ಈ ವಿಳಾಸ ನಿಮಗೆ ಗೊತ್ತೇ?" ಅಂತ ಕೇಳಿದರು ಫ್ರಾವ್ ಲಿಂಡ್ನರ್.

"ನೋಡಬೇಕು," ಅಂದಳು ಸಾವಿತ್ರಿ. "ಏನೋ ತಪ್ಪಾಗಿರಬಹುದು. ಆ ಪತ್ರ ನನಗೆ ಕಳಿಸುತ್ತೀರಾ?"

ಫೋನ್ ಇಟ್ಟ ಮೇಲೆ ಅವಳಿಗೆ ಮೊದಲು ಬಂದ ಸಿಟ್ಟು ತನ್ನ ಮೇಲೆಯೇ. ಗೊತ್ತಿದ್ದೂ ನೋಡಬೇಕು ಅಂದೆನಲ್ಲ, ನಮ್ಮವನು ಅಂತ ನಾಲಿಗೆ ತಾನಾಗಿಯೇ ಅವನನ್ನು ಬಚ್ಚಿಟ್ಟಿತಲ್ಲ.

ಮಧ್ಯಾಹ್ನದೊಳಗೆ ಪತ್ರ ಇಮೇಲಿನಲ್ಲಿ ಬಂತು. ಒಪ್ಪವಾದ ಜರ್ಮನ್. ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ, ಹಾಸಿಗೆ ಬಿಟ್ಟು ಏಳಲು ಇನ್ನೂ ಆಗುತ್ತಿಲ್ಲ, ಆದರೆ ದಿನದಿಂದ ದಿನಕ್ಕೆ ಚೇತರಿಸಿಕೊಳ್ಳುತ್ತಿದ್ದೇನೆ. ಬೇಸಿಗೆ ಬರುವುದರೊಳಗೆ ಮತ್ತೆ ಗುರಿ ಹೊಡೆಯಲು ಹೋಗುವ ಆಸೆ ಇದೆ. ಪ್ರೆಸ್ ಬಿರುಕು ಬಿಟ್ಟಿದೆ, ಫೋಟೋ ಇಟ್ಟಿದ್ದೇನೆ. ನನ್ನ ಹೆಂಡತಿಗೆ ಈ ಯಂತ್ರಗಳ ವಿಷಯ ತಿಳಿಯದು, ಅವಳು ಈಗಾಗಲೇ ದಣಿದಿದ್ದಾಳೆ, ದಯವಿಟ್ಟು ಅವಳಿಗೆ ಫೋನ್ ಮಾಡಬೇಡಿ. ಪಾರ್ಸೆಲನ್ನು ನನ್ನ ಸ್ನೇಹಿತನ ವಿಳಾಸಕ್ಕೆ ಕಳಿಸಿರಿ. ಕೆಳಗೆ ಸಹಿ. ಗೋಪಿನಾಥರ ಸಹಿಯ ಮೊದಲ ಅಕ್ಷರಕ್ಕೆ ಒಂದು ಉದ್ದನೆಯ ಬಾಲ ಇರುತ್ತಿತ್ತು. ಆ ಬಾಲವನ್ನೂ ಬಿಟ್ಟಿರಲಿಲ್ಲ ಅವನು.

ಫೋಟೋದಲ್ಲಿ ಪ್ರೆಸ್ ಇತ್ತು, ಬಿರುಕು ಇತ್ತು. ಪ್ರೆಸ್ಸಿನ ಹಿಂದೆ ಮೇಜಿಗೆ ಒರಗಿಸಿಟ್ಟ ನೀಲಿ ಬಣ್ಣದ ಮಡಿಸುವ ಕುರ್ಚಿಗಳಿದ್ದವು. ನೆರೆಮನೆಯವರ ಕುರ್ಚಿಗಳು. ಅವು ಕೆಲ್ಲರಿನಲ್ಲಿ ಇದ್ದದ್ದು ಒಂದೇ ಒಂದು ಮಧ್ಯಾಹ್ನ. ಸಂಜೆಗೆ ಮಾಧವ್ ಅವನ್ನು ವಾಪಸ್ ಮುಟ್ಟಿಸಿದ್ದ. ಆ ಮಧ್ಯಾಹ್ನ ಮೇಲೆ ಎಲ್ಲರ ಎಲೆ ಎತ್ತಿ ಆಗಿತ್ತು, ಗೋಪಿನಾಥರ ಫೋಟೋಕ್ಕೆ ಹಾಕಿದ ಹೂವು ಇನ್ನೂ ಬಾಡಿರಲಿಲ್ಲ. ಅವರ ಹೆಸರಿನಲ್ಲಿ ಮಾಡಿದ ಅನ್ನ ಉಂಡ ಕೈಯನ್ನು ತೊಳೆದುಕೊಂಡು ಸಿದ್ದಲಿಂಗೇಶ ಕೆಳಗಿಳಿದು ಈ ಫೋಟೋ ತೆಗೆದಿದ್ದ. ಮೇಲೆ ಬಂದು ಎರಡು ಕಪ್ಪು ಕಾಫಿ ಕುಡಿದಿದ್ದ. ಸಾವಿತ್ರಿಯೇ ಮಾಡಿಕೊಟ್ಟಿದ್ದಳು.

ಅವಳು ಎದ್ದು ಪತ್ರವನ್ನು ಪ್ರಿಂಟು ಹಾಕಿದಳು.

ಎರಡು ದಿನ ಯಾರಿಗೂ ಏನೂ ಹೇಳಲಿಲ್ಲ. ಆ ಎರಡು ದಿನ ಉಂಡದ್ದು ಯಾವುದೂ ಮೈಗೆ ಹತ್ತಲಿಲ್ಲ. ಒಂದು ಯಂತ್ರ ಬೇಕಿದ್ದರೆ ಅವನು ಬಾಯಿಬಿಟ್ಟು ಕೇಳಿದ್ದರೆ ಕೊಟ್ಟುಬಿಡುತ್ತಿದ್ದಳು, ತೊಲಗಲಿ ಅಂತ ಸಂತೋಷದಿಂದ ಕೊಡುತ್ತಿದ್ದಳು. ಅವಳಿಗೆ ಹೇಸಿಗೆ ಆದದ್ದು ಅವನು ಯಂತ್ರ ಹೊಡೆದುಕೊಂಡನಲ್ಲ ಅಂತಲ್ಲ. ಅವರನ್ನು ಎಬ್ಬಿಸಿ ಕೂರಿಸಿ, ಚೇತರಿಸಿಕೊಳ್ಳುತ್ತಿದ್ದೇನೆ ಅಂತ ಅವರ ಬಾಯಲ್ಲಿ ಹೇಳಿಸಿದನಲ್ಲ. ಆ ಮೂರು ವಾರ ಆಸ್ಪತ್ರೆಯಲ್ಲಿ ಆ ಒಂದು ಮಾತಿಗಾಗಿ ಅವಳು ಡಾಕ್ಟರರ ಮುಖ ನೋಡುತ್ತ ಕೂತಿದ್ದಳು. ಯಾರೂ ಹೇಳಿರಲಿಲ್ಲ.

ಮೂರನೇ ದಿನ ಶನಿವಾರ. ಪತ್ರದ ಪ್ರಿಂಟು ತೆಗೆದುಕೊಂಡು ಬಸ್ಸು ಹತ್ತಿ ಸಿದ್ದಲಿಂಗೇಶನ ಮನೆಗೆ ಹೋದಳು. ಬಾಗಿಲು ತೆರೆದವಳು ಅವನ ಹೆಂಡತಿ ರಚನಾ.

"ಅಯ್ಯ, ಅಕ್ಕಾರ, ಬರ್ರಿ ಬರ್ರಿ. ಒಂದು ಫೋನ್ ಮಾಡಿದ್ರ ಇವ್ರ ಕಾರ್ ತಗೊಂಡು ಬರ್ತಿದ್ರು. ಕೂಡ್ರಿ. ಅಂಗಡಿಗೆ ಹೋಗ್ಯಾರ, ಇನ್ನೇನ್ ಬಂದ್ರು."

ರಚನಾ ಒಳ್ಳೆಯ ಹುಡುಗಿ. ಸಾವಿತ್ರಿ ಸೋಫಾದ ತುದಿಯಲ್ಲಿ ಕೂತಳು. ರಚನಾ ಒಳಗೆ ಹೋಗಿ ಒಂದು ಕಪ್ಪು ತಂದು ಮುಂದಿಟ್ಟಳು. ಎಲೆಚಹಾ ಅಲ್ಲ ಅದು. ತಿಳಿ ಹಳದಿ ನೀರು, ಮೇಲೊಂದೆರಡು ಸಣ್ಣ ಒಣ ಹೂವಿನ ಎಸಳು.

"ನಿಮಗ ಅಸಿಡಿಟಿ ಅಂತಿದ್ರಿ ಅಲ್ರಿ, ಅದಕ್ಕ ಇದು ಮಾಡೀನಿ. ಇವ್ರಿಗೆ ಯಾವುದೋ ಕಂಪನಿಯವ್ರು ಕಳಿಸಿದ್ರು. ಮನಿಯಾಗ ಒಣಗಿಸಿದ್ದಂತ. ಭಾಳ ಛಲೋ ಅದ, ನಾವು ದಿನಾ ಮಲಗೂ ಮುಂಚೆ ಕುಡೀತೇವಿ."

ಸಾವಿತ್ರಿ ಆ ಕಪ್ಪನ್ನು ನೋಡಿದಳು. ಬಿಸಿ ಹಬೆ ಮುಖಕ್ಕೆ ಬಂತು. ಎಲ್ಲಿಯೋ ಥುರಿಂಗಿಯಾದಲ್ಲಿ ಒಬ್ಬ ಮುದುಕಿ ಮರದಡಿ ಹೂವು ಆರಿಸಿ, ಒಣಗಿಸಿ ಇಟ್ಟದ್ದು. ಅವಳ ಮಗಳು ಕಾಯಿಲೆಯ ಮನುಷ್ಯನಿಗೆ ಅಂತ ಕಟ್ಟಿ ಕಳಿಸಿದ್ದು. ಕಪ್ಪನ್ನು ಬೆರಳಿನಿಂದ ಆಚೆ ಸರಿಸಿದಳು.

"ಇದರ ಜೋಡಿ ಒಂದು ಕಾರ್ಡು ಇತ್ತೇನು, ರಚನಾ?"

"ಇತ್ರಿ. ನನಗ ಜರ್ಮನ್ ಅಷ್ಟ ಓದಾಕ ಬರೂದಿಲ್ಲ. ಕಸ್ಟಮರಿಗೆ ಎಲ್ಲಾರ್ಗೂ ಹಂಗ ಬರೀತಾರ ಅಂದ್ರು ಇವ್ರು. ಯಾಕ್ರೀ?"

ಸಾವಿತ್ರಿ ಉತ್ತರ ಹುಡುಕುವುದರೊಳಗೆ ಸಿದ್ದಲಿಂಗೇಶ ಎರಡು ಚೀಲ ಹಿಡಿದು ಒಳಗೆ ಬಂದ. ಅವಳನ್ನು ನೋಡಿ ಮುಖ ಅರಳಿಸಿದ. ಆಮೇಲೆ ಕಪ್ಪು ನೋಡಿದ, ಅವಳ ತೊಡೆಯ ಮೇಲಿದ್ದ ಕಾಗದ ನೋಡಿದ.

"ರಚನಾ, ನೀ ಒಂದೀಟು ಒಳಗ ಹೋಗು," ಅಂದ.

"ಆಕಿ ಇಲ್ಲೇ ಇರ್ಲಿ," ಅಂದಳು ಸಾವಿತ್ರಿ. ಕಾಗದವನ್ನು ಟೀಪಾಯಿಯ ಮೇಲಿಟ್ಟಳು. "ಇದು ಯಾರ ಸಹಿ ಸಿದ್ದು?"

ಅವನು ಚೀಲ ಕೆಳಗಿಟ್ಟು ಕೂತ. ಎರಡೂ ಅಂಗೈ ಪ್ಯಾಂಟಿಗೆ ಒರೆಸಿಕೊಂಡ. "ಸರ್ ಹೇಳಿದ್ರು ಅಕ್ಕಾರ. ಆಸ್ಪತ್ರೆ ಸೇರೂ ಮುಂಚೆ, ಕಂಪನಿಗೆ ಒಂದು ಲೆಟರ್ ಬರಿಯೋ ಅಂದಿದ್ರು."

"ಅವ್ರು ಹೇಳಿದ್ದು ಜನವರಿದಾಗ. ನೀ ಬರದದ್ದು ಅವರ ಹದಿಮೂರನೇ ದಿನ. ಊಟ ಆದ ಮ್ಯಾಲೆ."

"ತೀರಿಕೊಂಡಾರ ಅಂತ ಬರದಿದ್ರ ಡೆತ್ ಸರ್ಟಿಫಿಕೇಟ್ ಕೇಳ್ತಿದ್ರು, ವಾರಸಾ ಕಾಗದ ಕೇಳ್ತಿದ್ರು. ನೀವು ಆ ದುಃಖದಾಗ ಇದ್ರಿ. ನಿಮಗ ತ್ರಾಸ ಆಗಬಾರ್ದು ಅಂತ—"

"ಪ್ರೆಸ್ ಬಂದ ಮ್ಯಾಲೆ ನಂಗ ಯಾಕ ಹೇಳಲಿಲ್ಲ?"

ಅವನು ಕೆಳಗಿಟ್ಟ ಚೀಲದ ಹಿಡಿ ಸರಿಮಾಡಿದ.

"ಹಳೇದನ್ನ ಗುಜರಿಗೆ ಹಾಕ್ತೀನಿ ಅಂತ ಮೂರು ಸಲ ಬಂದ್ಯಲ್ಲ, ಅದು ಯಾರ ತ್ರಾಸ ತಪ್ಪಸ್ಲಿಕ್ಕೆ?"

ರಚನಾ ಕಾಗದ ಎತ್ತಿಕೊಂಡು ನೋಡುತ್ತಿದ್ದಳು. ಜರ್ಮನ್ ಬರದಿದ್ದರೂ ಹೆಸರು ಓದಲಿಕ್ಕೆ ಬರುತ್ತಿತ್ತು, ತಾರೀಖು ಓದಲಿಕ್ಕೆ ಬರುತ್ತಿತ್ತು. ಅವಳು ಕಾಗದ ಅಲ್ಲೇ ಇಟ್ಟು ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು. ಬಚ್ಚಲಲ್ಲಿ ನೀರು ಸುರಿಯುವ ಸಪ್ಪಳ ಕೇಳಿಸಿತು.

ಹೆಂಡತಿ ಒಳಗೆ ಹೋದದ್ದೇ ಸಿದ್ದಲಿಂಗೇಶನ ದನಿ ಬದಲಾಯಿತು. ಮುಂದೆ ಬಾಗಿ, ವ್ಯವಹಾರ ತಿಳಿಸಿ ಹೇಳುವವನ ಹಾಗೆ ಮೆಲ್ಲಗೆ ಹೇಳಿದ.

"ಖರೆ ಹೇಳ್ತೀನಿ ಅಕ್ಕಾರ, ನಿಮಗ ಅದು ಬ್ಯಾಡಾಗಿತ್ತು. ಆ ಖೋಲಿಗೆ ನೀವು ಕಾಲು ಸೈತ ಇಡ್ತಿರ್ಲಿಲ್ಲ. ಕಂಪನಿಯವ್ರು ಯಾರು ಕೇಳಿದ್ರೂ ಕೊಡ್ತಾರ. ಏನೂ ವಿಚಾರಸೂದಿಲ್ಲ. ಅಷ್ಟ ಮಳ್ಳ ಮಂದಿ ಅವ್ರು. ಸರ್ ಆದ್ರೂ ನಗ್ತಿದ್ರು ಇದನ್ನ ನೋಡಿ. ಯಾರಿಗೆ ಏನ್ ಲುಕ್ಸಾನ ಆತು, ನೀವ ಹೇಳ್ರಿ."

ಸಾವಿತ್ರಿಗೆ ಗಂಡ ಊಟದ ಹೊತ್ತಿನಲ್ಲಿ ಹೇಳುತ್ತಿದ್ದುದು ಕಿವಿಯಲ್ಲಿ ಬಂತು. ಅವರೂ ಇದೇ ಸಂಗತಿಯನ್ನೇ ಹೇಳುತ್ತಿದ್ದರು, ಏನೂ ಕೇಳಲಿಲ್ಲ ಅಂತ. ಇದೇ ಹುಡುಗನ ಮುಂದೆಯೂ ಹೇಳಿರಬೇಕು. ಅದನ್ನು ಕೇಳಿ ಇವನು ಕಲಿತದ್ದು ಇದು.

"ನಾಳೆ ಆ ಕಂಪನಿಯವ್ರಿಗೆ ನೀನ ಪತ್ರ ಬರಿ," ಅಂದಳು ಅವಳು ಏಳುತ್ತ. "ಇದ್ದದ್ದು ಇದ್ದಂಗ ಬರಿ. ನಿನ್ನ ಹೆಸರಿಲೆ ಬರಿ. ಪ್ರೆಸ್ ತಂದು ಕೊಡು."

"ಬರೀತೀನ್ರಿ. ಕೊಡ್ತೀನ್ರಿ. ಫೆರೈನಿನವ್ರಿಗೆ ಅಷ್ಟ ಹೇಳಬ್ಯಾಡ್ರಿ. ಪರವಾನಗಿ ಹೋಗ್ತದ ನಂದು. ಇಂಥಾದ್ದೇನರೆ ಗೊತ್ತಾದ್ರ ಆಮ್ಟಿನವ್ರು ನಂಬಿಕಸ್ಥ ಅಲ್ಲ ಅಂತ ಕಡದ ಹಾಕ್ತಾರ." ಹೇಳುತ್ತ ಹೇಳುತ್ತ ಅವನು ಬಗ್ಗಿ ಅವಳ ಕಾಲಿಗೆ ಕೈ ಹಾಕಿದ.

ಅವನ ಬೆರಳು ಪಾದಕ್ಕೆ ತಗುಲಿದ್ದೇ ಹಾವು ತುಳಿದವಳ ಹಾಗೆ ಅವಳು ಹಿಂದಕ್ಕೆ ಜಿಗಿದಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು ಹಾಕಿಕೊಂಡಳು.

ನಾಲ್ಕು ದಿನದ ಮೇಲೆ ಬೆಳಗ್ಗೆ ಬಾಗಿಲು ತೆರೆದರೆ ಹೊರಗೆ ಒಂದು ಭಾರದ ಪೆಟ್ಟಿಗೆ ಇತ್ತು. ಬೆಲ್ಲು ಮಾಡದೆ ಇಟ್ಟು ಹೋಗಿದ್ದ. ಒಳಗೆ ಹೊಸ ಪ್ರೆಸ್, ಆಗಲೇ ಬಳಸಿ ಎಣ್ಣೆ ಜಿಡ್ಡಾಗಿದ್ದದ್ದು. ಅದನ್ನು ಒರೆಸುವ ಸೌಜನ್ಯವನ್ನೂ ತೋರಿಸಿರಲಿಲ್ಲ. ಕಾರ್ಡು ಪೆಟ್ಟಿಗೆಯ ತಳದಲ್ಲಿತ್ತು. ಪ್ರಿಯ ಪ್ರೊಫೆಸರ್, ಪ್ರೆಸ್ಸಿನ ಕೆಲಸ ನಮ್ಮದು, ಆರೋಗ್ಯದ ಕೆಲಸ ನಿಮ್ಮದು, ಬೇಗ ಗುಣವಾಗಿ ಅಂತ ಫ್ರಾವ್ ಲಿಂಡ್ನರ್ ನೀಲಿ ಶಾಯಿಯಲ್ಲಿ ಬರೆದಿದ್ದರು. ಕೆಳಗೆ ಇನ್ನೂ ಐದು ಜನರ ಸಹಿ. ಇಡೀ ಕಾರ್ಖಾನೆಯೇ ಅಷ್ಟು ಜನ ಇರಬೇಕು.

ಅವತ್ತೇ ಮಧ್ಯಾಹ್ನ ಫ್ರಾವ್ ಲಿಂಡ್ನರ್ ಫೋನ್ ಬಂತು. "ನಿಮ್ಮ ಸ್ನೇಹಿತರು ಬರೆದಿದ್ದಾರೆ. ಓದಿ ಹೇಳುತ್ತೇನೆ, ಸರಿಯಿದೆಯೇ ನೋಡಿ." ತನಗೆ ಜರ್ಮನ್ ಸರಿಯಾಗಿ ಬಾರದ್ದರಿಂದ ತಪ್ಪು ತಿಳುವಳಿಕೆಯಾಯಿತು ಅಂತ ಬರೆದಿದ್ದ ಅವನು. ಪ್ರೊಫೆಸರರು ಮೊದಲೇ ಸಹಿ ಮಾಡಿಕೊಟ್ಟಿದ್ದ ಕಾಗದಕ್ಕೆ ತಾರೀಖು ಮಾತ್ರ ಆಮೇಲೆ ಹಾಕಿದ್ದಂತೆ. ಅವರ ವಿಧವೆಯ ಕೋರಿಕೆಯ ಮೇರೆಗೆ ಪಾರ್ಸೆಲನ್ನು ತನ್ನ ಮನೆಗೆ ತರಿಸಿಕೊಂಡದ್ದಂತೆ.

ಸಾವಿತ್ರಿ ಕೇಳುತ್ತ ನಿಂತಳು. ಸತ್ತವರನ್ನು ಬಿಟ್ಟ, ಈಗ ನನ್ನನ್ನು ಹಿಡಿದ ಅಂದುಕೊಂಡಳು.

"ಇದು ಸುಳ್ಳು," ಅಂದಳು. "ನಾನೂ ಮೊನ್ನೆ ನಿಮಗೆ ಸುಳ್ಳು ಹೇಳಿದೆ. ವಿಳಾಸ ನನಗೆ ಆಗಲೇ ಗೊತ್ತಿತ್ತು." ಆಮೇಲೆ ಮೊದಲಿನಿಂದ ಎಲ್ಲ ಹೇಳಿದಳು. ಕುರ್ಚಿಗಳ ವಿಷಯ, ಸಹಿಯ ಬಾಲದ ವಿಷಯ, ಚಹಾದ ವಿಷಯ. ಹೇಳುವಾಗ ಅವಳಿಗೆ ನಾಚಿಕೆಯಾಗುತ್ತಿತ್ತು. ತಾನೇ ಏನೋ ಹೊಲಸು ತಿಂದು ಬಂದು ಬಾಯಿಬಿಟ್ಟು ತೋರಿಸುತ್ತಿರುವ ಹಾಗೆ.

ಫ್ರಾವ್ ಲಿಂಡ್ನರ್ ಎಲ್ಲ ಕೇಳಿ, "ಆ ಪ್ರೆಸ್ ನಿಮ್ಮದು. ಅದಕ್ಕೆ ಯಾವ ಕಾಗದವೂ ಬೇಡ," ಅಂದರು. "ಬಿರುಕು ಬಿಟ್ಟದ್ದನ್ನು ನಮಗೆ ಕಳಿಸಿ, ಟಪಾಲು ಖರ್ಚು ನಮ್ಮದು. ಯಾಕೆ ಒಡೆಯಿತು ಅಂತ ನೋಡಬೇಕು." ಆಮೇಲೆ ಕೇಳಿದರು, "ಇನ್ನು ಮೇಲೆ ಎಲ್ಲರ ಹತ್ತಿರವೂ ಪುರಾವೆ ಕೇಳಬೇಕು ಅನ್ನುತ್ತಿದ್ದಾನೆ ಕಾರ್ಖಾನೆ ನೋಡಿಕೊಳ್ಳುವ ನಮ್ಮ ಅಣ್ಣ. ಇಪ್ಪತ್ತೆರಡು ವರ್ಷ ನಾವು ಕೇಳಿರಲಿಲ್ಲ. ನೀವೇನಂತೀರಿ?"

ಕೇಳಿರಿ ಅಂದರೆ ಗಂಡ ಎರಡು ದಿನ ಹೇಳಿಕೊಂಡು ತಿರುಗಿದ ಆ ಸ್ಪ್ರಿಂಗು ಮುಂದೆ ಯಾರಿಗೂ ಹಾಗೆ ಬರುವುದಿಲ್ಲ. ಕೇಳಬೇಡಿ ಅನ್ನಲಿಕ್ಕೆ ಯಾವ ಮುಖ. "ಅದು ನಿಮಗೆ ಬಿಟ್ಟದ್ದು," ಅಂದಳು. "ನನಗೆ ಕ್ಷಮೆ ಕೇಳುವುದಷ್ಟೇ ಉಳಿದಿದೆ."

"ನೀವು ಯಾಕೆ ಕೇಳಬೇಕು?" ಅಂದರು ಫ್ರಾವ್ ಲಿಂಡ್ನರ್. ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು.

ಡೀಟ್ಸ್ ಬಂದಾಗ ಅವರಿಗೂ ಹೇಳಿದಳು. ಮುದುಕರು ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತರು. "ಬೇರೆಯವರ ಸಹಿ ಹಾಕುವವನ ಮನೆಯಲ್ಲಿ ಮದ್ದು ಇರಬಾರದು," ಅಂದರು ಕಡೆಗೆ. "ಅಧ್ಯಕ್ಷರಿಗೆ ನಾನು ಹೇಳಲೇಬೇಕು. ನಿಮ್ಮ ಒಪ್ಪಿಗೆ ಇದೆಯೇ?"

"ಹೇಳಿ," ಅಂದಳು ಸಾವಿತ್ರಿ. "ಪತ್ರದ ಪ್ರತಿ ನಾನೇ ಕೊಡುತ್ತೇನೆ."

ಮಾತು ಊರಿನ ಕನ್ನಡದವರಲ್ಲಿ ಹಬ್ಬಲಿಕ್ಕೆ ವಾರ ಬೇಕಾಗಲಿಲ್ಲ. ಕನ್ನಡ ಕೂಟದ ಕೆಲಸಕ್ಕೆಲ್ಲ ಮುಂದಿರುವ ಗೌರಕ್ಕ ಫೋನ್ ಮಾಡಿದಳು. "ಸಾವಿತ್ರಿ, ಅವ ಮಾಡಿದ್ದು ತಪ್ಪು, ಇಲ್ಲ ಅನ್ನೂದಿಲ್ಲ. ಆದ್ರ ಒಂದು ಕಬ್ಬಿಣದ ತುಂಡಿಗೆ ನಮ್ಮವನ ಮಾನ ಜರ್ಮನ್ನರ ಮುಂದ ಕಳೀಬೇಕಿತ್ತೇನು? ನಿನಗ ಎಷ್ಟು ಮಾಡ್ಯಾನ ಅವ."

"ಮಾಡ್ಯಾನ, ಖರೆ," ಅಂದಳು ಸಾವಿತ್ರಿ. "ಅದನ್ನೆಲ್ಲ ಈಗ ನೆನಸಿದ್ರ ನಂಗ ಮೈ ಜುಮ್ಮ ಅಂತದ ಗೌರಕ್ಕ. ಕುರ್ಚಿ ಕೆಳಗ ಒಯ್ದದ್ದು ಜಾಗಾ ಮಾಡ್ಲಿಕ್ಕೋ ಫೋಟೋ ತಗೀಲಿಕ್ಕೋ? ಮದ್ದು ಒಯ್ದದ್ದು ನನ್ನ ಸಲುವಾಗೋ ತನಗೋ? ಒಂದೊಂದನ್ನೂ ಮತ್ತ ತಿರುಗಿಸಿ ನೋಡಬೇಕಾಗೇದ."

"ಅಷ್ಟ ಕೆಟ್ಟವ ಅಲ್ಲ ಅವ."

"ಇರಬಹುದು. ನಂಗ ಅವನ್ನ ನೋಡೂದಾಗೂದಿಲ್ಲ. ಅಷ್ಟ."

ಗೌರಕ್ಕ ಸಿಟ್ಟಿನಲ್ಲಿ ಫೋನ್ ಇಟ್ಟಳು. ಆಮೇಲೆ ಅವಳ ಫೋನ್ ಬರಲಿಲ್ಲ. ಮಾಧವನಿಗೆ ಹೇಳಿದರೆ, "ನಾನು ಅವನ ಕೈ ಹಿಡಿದು ಥ್ಯಾಂಕ್ಸ್ ಹೇಳಿದ್ದೆ ಮಮ್ಮಿ. Widerlich," ಅಂದ. ಅವಳಿಗೂ ಆ ಭಾಷೆಯ ಆ ಒಂದು ಶಬ್ದವೇ ಸರಿ ಅನ್ನಿಸಿತು. ಕನ್ನಡದಲ್ಲಿ ಹೇಸಿಗೆ ಅಂದರೆ ತೊಳೆದರೆ ಹೋಗುತ್ತದೇನೋ ಅನ್ನುವ ಹಾಗಿತ್ತು.

ಮೇ ತಿಂಗಳ ಮಧ್ಯದಲ್ಲಿ ಡೀಟ್ಸ್ ಇಬ್ಬರು ಸದಸ್ಯರನ್ನು ಕರೆದುಕೊಂಡು ಬಂದು ಕೋಣೆ ಖಾಲಿ ಮಾಡಿದರು. ಹೊಸ ಪ್ರೆಸ್ಸನ್ನು ಅವರೇ ಒರೆಸಿ ಕಂಬಳಿಯಲ್ಲಿ ಸುತ್ತಿ ಗಾಡಿಗೆ ಏರಿಸಿದರು. ಜೂನಿನಲ್ಲಿ ಫೆರೈನಿನ ಹಬ್ಬವಿದೆ, ಗೋಪಿಯ ಹೆಸರಿನ ಫಲಕ ಹಾಕುತ್ತೇವೆ, ಬನ್ನಿ ಅಂದರು. ಬರುವುದಿಲ್ಲ ಅಂದಳು ಸಾವಿತ್ರಿ. ಆ ಯಂತ್ರವನ್ನು ಇನ್ನೊಮ್ಮೆ ನೋಡುವ ಇಷ್ಟ ನನಗಿಲ್ಲ, ಆದರೆ ಫಲಕ ಹಾಕಿ, ಅವರಿಗೆ ಸಂತೋಷವಾಗುತ್ತಿತ್ತು. ಡೀಟ್ಸ್ ಒತ್ತಾಯ ಮಾಡಲಿಲ್ಲ. ಹೋಗುವಾಗ, ಸಿದ್ದಲಿಂಗೇಶನನ್ನು ಫೆರೈನಿನಿಂದ ತೆಗೆದದ್ದಾಯಿತು, ಮದ್ದನ್ನು ಆಮ್ಟಿನವರು ಒಯ್ದರು, ಪರವಾನಗಿಯ ವಿಚಾರಣೆ ನಡೆದಿದೆ ಅಂತ ಹೇಳಿದರು. ಅವಳು ತಲೆಯಾಡಿಸಿದಳು. ಸಂತೋಷ ಆಗಬಹುದೇನೋ ಅಂತ ಒಳಗೊಳಗೇ ಕಾದಳು. ಆಗಲಿಲ್ಲ. ಮರುಕವೂ ಬರಲಿಲ್ಲ. ರಚನಾಳನ್ನು ನೆನೆದಾಗ ಮಾತ್ರ ಪಾಪ ಅನ್ನಿಸಿತು.

ಗಾಡಿ ಹೋದ ಮೇಲೆ ಫ್ರಾವ್ ಲಿಂಡ್ನರ್ ಅವರಿಂದ ಬಂದಿದ್ದ ಲಕೋಟೆ ಒಡೆದಳು. ಹಳೆಯ ಪ್ರೆಸ್ಸನ್ನು ಕತ್ತರಿಸಿ ನೋಡಿದೆವು, ಎರಕ ಹೊಯ್ಯುವಾಗಲೇ ಒಳಗೆ ಒಂದು ಗುಳ್ಳೆ ಉಳಿದಿತ್ತು, ಹದಿನೆಂಟು ವರ್ಷ ಯಾರಿಗೂ ಕಾಣಲಿಲ್ಲ, ತಪ್ಪು ನಮ್ಮದೇ, ನಿಮ್ಮ ಯಜಮಾನರ ಕೈಯದಲ್ಲ ಅಂತ ಬರೆದಿದ್ದರು. ವಾರಂಟಿಯ ಮಾತು ಸದ್ಯಕ್ಕೆ ಇದ್ದ ಹಾಗೇ ಇಟ್ಟಿದ್ದೇವೆ, ಅಣ್ಣ ಇನ್ನೂ ಒಪ್ಪಿಲ್ಲ ಅಂತ ಕೆಳಗೊಂದು ಸಾಲು.

ಅದನ್ನು ಓದುತ್ತಿರುವಾಗ ಮೊಬೈಲು ಸದ್ದು ಮಾಡಿತು. ಸಿದ್ದಲಿಂಗೇಶನ ಮೆಸೇಜು. "ಅಕ್ಕಾರ, ಈಗ ನಿಮಗ ಸಮಾಧಾನ ಆಗಿರಬೇಕು. ಸರ್ ಇದ್ದಿದ್ರ ಹಿಂಗ ಮಾಡ್ತಿರ್ಲಿಲ್ಲ."

ಸಾವಿತ್ರಿ ಅದನ್ನು ಎರಡು ಸಲ ಓದಿದಳು. ಸರ್ ಇದ್ದಿದ್ದರೆ ಏನು ಮಾಡುತ್ತಿದ್ದರು ಅಂತ ಹೇಳುವ ಹಕ್ಕು ಇವನಿಗೆ ಇನ್ನೂ ಇದೆ ಅಂತ ಇವನು ನಂಬಿದ್ದಾನಲ್ಲ ಅನ್ನಿಸಿತು. ಉತ್ತರ ಬರೆಯಲಿಲ್ಲ. ಅವನ ನಂಬರನ್ನು ಹೇಗೆ ತಡೆಯುವುದು ಅಂತ ಮಾಧವನಿಗೆ ಫೋನ್ ಮಾಡಿ ಕೇಳಿ, ಅವನು ಹೇಳಿದ ಹಾಗೆ ಒಂದೊಂದಾಗಿ ಒತ್ತಿದಳು. ಮೂರನೇ ಪ್ರಯತ್ನಕ್ಕೆ ಆಯಿತು. ಆಮೇಲೆ ಅಡುಗೆಮನೆಗೆ ಹೋಗಿ, ತನಗೊಬ್ಬಳಿಗೆ ಎಷ್ಟು ಅಕ್ಕಿ ಇಡಬೇಕು ಅಂತ ಯೋಚಿಸುತ್ತ ಡಬ್ಬಿ ತೆರೆದಳು.